ಮಂಜಲ್‌ಪುರದ ಬಟ್ಟೆಯ ಗ್ರಂಥಾಲಯ

ನನ್ನ ಉದ್ಯೋಗ ಬೆಂಕಿಗೆ ಸಂಬಂಧಿಸಿದ್ದು. ಹಚ್ಚುವುದೂ ಅಲ್ಲ, ಆರಿಸುವುದೂ ಅಲ್ಲ. ಎಲ್ಲ ಸುಟ್ಟು ತಣ್ಣಗಾದ ಮೇಲೆ ವಿಮಾ ಕಂಪನಿಯ ಪರವಾಗಿ ಹೋಗಿ, ಬೂದಿಯ ನಡುವೆ ಪ್ಯಾಂಟು ಮಡಚಿಕೊಂಡು ನಿಂತು, "ಮೊದಲು ಎಲ್ಲಿ ಹತ್ತಿತು?" ಎಂದು ಕೇಳುವ ಕೆಲಸ. ವರ್ಷಗಟ್ಟಲೆ ಇದನ್ನೇ ಕೇಳಿ ಕೇಳಿ ಈಗ ನನಗೆ ಯಾವ ಕಟ್ಟಡವೂ ಇದ್ದ ಹಾಗೆ ಕಾಣುವುದಿಲ್ಲ. ಹೊಸ ಮಾಲಿನ ಗಾಜಿನ ಮುಂದೆ ನಿಂತರೂ ಅದರ ಕರಕಲು ಕಣ್ಣಿಗೆ ಕಟ್ಟುತ್ತದೆ. "ಮದುವಿ ಮನ್ಯಾಗ ಊಟಕ್ಕ ಕುಂತಾಗೂ ಇವರ ಕಣ್ಣು ಹೋಳಿಗಿ ಮ್ಯಾಲ ಇರಂಗಿಲ್ರಿ, ವಯರಿಂಗ್ ಮ್ಯಾಲ ಇರತಾವ" ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ಹೇಳಲಿ. ಆ ಮದುವೆ ಮನೆಯಲ್ಲಿ ಒಂದು ವೈರು ನಿಜಕ್ಕೂ ಬಿಚ್ಚಿಕೊಂಡಿತ್ತು.

ಧಾರವಾಡದ ಕಡೆಯ ನಾವು ವರ್ಗವಾಗಿ ವಡೋದರಾಕ್ಕೆ ಬಂದೆವು. ನಡುವೆ ಕೆಲಕಾಲ ಸೂರತ್ತಿಗೆ ಹೋಗಿ ಬಂದು, ಆಮೇಲೆ ಮಂಜಲ್‌ಪುರದಲ್ಲೇ ಬೇರು ಬಿಟ್ಟೆವು. ಮಗಳು ಇಲ್ಲೇ ಹುಟ್ಟಿ ಇಲ್ಲೇ ಕಾಲೇಜು ಸೇರಿದಳು. ನಮ್ಮ ಸೊಸೈಟಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯವಿದೆ. ಒಂದೇ ಮಹಡಿಯ ಹಳೆಯ ಕಟ್ಟಡ. ಅದರ ಹಿಂದೆ ಖಾಲಿ ಅಂಗಳ, ಅಂಗಳದಾಚೆ ತಗಡಿನ ಒಂದು ಶೆಡ್ಡು. ಶೆಡ್ಡಿಗೆ ‘ಕಲಾ ಕೇಂದ್ರ’ ಎಂದು ಹೆಸರು. ಭಾನುವಾರ ಅಲ್ಲಿ ಚಿತ್ರಕಲೆಯ ತರಗತಿ, ನವರಾತ್ರಿ ಹತ್ತಿರ ಬಂತೆಂದರೆ ಗರಬಾ ಅಭ್ಯಾಸ. ಇವೆರಡನ್ನೂ ವಿಸ್ತರಿಸಿ ಒಂದಕ್ಕೊಂದು ಸೇರಿಸಬೇಕು ಎಂದು ಊರಿನ ದಾನಿಯೊಬ್ಬರು ಮುಂದೆ ಬಂದಾಗ, ಟ್ರಸ್ಟಿನವರು ಆರ್ಕಿಟೆಕ್ಟನ್ನು ಆರಿಸಲು ಸಮಿತಿಯೊಂದನ್ನು ಮಾಡಿದರು. ಅದರಲ್ಲಿ ನನ್ನನ್ನೂ ಹಾಕಿದರು.

"ನನಗೇನು ಗೊತ್ತು ಸಾಹೇಬರೇ, ಕಟ್ಟೋದರ ಬಗ್ಗೆ? ನಾನು ನೋಡಿರೋದೆಲ್ಲ ಬಿದ್ದಿರೋದನ್ನ" ಎಂದೆ.

ಟ್ರಸ್ಟಿನ ಅಧ್ಯಕ್ಷರು ನಿವೃತ್ತ ಕಣ್ಣಿನ ಡಾಕ್ಟರು. ಬಿಳಿ ಸಫಾರಿ, ಬಾಯಲ್ಲಿ ಸದಾ ಒಂದು ಏಲಕ್ಕಿ. "ಅರೆ ಭಾಯಿ, ನಾವೆಲ್ಲ ಥಈ ಜಶೇ ಅನ್ನೋ ಜನ. ಆಗುತ್ತೆ, ಆಗಿಹೋಗುತ್ತೆ ಅಂತಲೇ ಬದುಕಿದವರು. ಹೆದರೋರು ಒಬ್ಬರಾದರೂ ಬೇಡವಾ?" ಎಂದರು. ನನ್ನ ಸ್ವಭಾವಕ್ಕೆ ಸಿಕ್ಕ ಮೊದಲ ಸಾರ್ವಜನಿಕ ಮನ್ನಣೆ ಅದು.

ಹೆದರಲು ನನಗೆ ಸ್ವಂತದ ಕಾರಣವೂ ಇತ್ತು. ಆ ಗ್ರಂಥಾಲಯದ ಒಳಮೂಲೆಯಲ್ಲಿ ಒಂದು ಕಬ್ಬಿಣದ ಕಪಾಟಿದೆ. ಕನ್ನಡದ ಕಪಾಟು. ಬ್ಯಾಂಕು, ರೈಲ್ವೆ, ವಿಮೆ ಎಂದು ಈ ಊರಿಗೆ ಬಂದ ನಮ್ಮ ಕಡೆಯ ಕುಟುಂಬಗಳು ಮತ್ತೆ ವರ್ಗವಾಗಿ ಹೊರಡುವಾಗ, ಲಾರಿಗೆ ಫ್ರಿಜ್ಜು, ಮಂಚ, ಕುಂಡದ ತುಳಸಿ ಎಲ್ಲ ಏರಿದ ಮೇಲೆ, ಪುಸ್ತಕದ ಗಂಟು ಮಾತ್ರ ಬಾಗಿಲ ಬಳಿ ಉಳಿದುಬಿಡುತ್ತಿತ್ತು. ಅವನ್ನೆಲ್ಲ ತಂದು ನಾನು ಆ ಕಪಾಟಿನಲ್ಲಿ ಜೋಡಿಸುತ್ತ ಬಂದೆ. ಯಾರೂ ಕದಿಯಬಾರದು ಎಂದು ಬೀಗ ಹಾಕಿದೆ. ಬೀಗದ ಕೈ ನನ್ನ ಸ್ಕೂಟರಿನ ಕೀಲಿಯ ಗೊಂಚಲಲ್ಲೇ ಇರುತ್ತದೆ. ಯಾರೂ ಕದ್ದಿಲ್ಲ. ಯಾರೂ ಓದಿಲ್ಲ ಎಂದು ಮಗಳು ಅದಕ್ಕೆ ಬಾಲ ಅಂಟಿಸುತ್ತಾಳೆ. ಹೊಸ ಕಟ್ಟಡದ ನಕ್ಷೆ ಬರೆಯುವವರಿಗೆ ತಮಗೆ ಓದಲು ಬಾರದ ಭಾಷೆಯ ಕಪಾಟೇ ಮೊದಲು ಅಡ್ಡ ಬರುತ್ತದೆ, ಮೊದಲು ಗುಜರಿಗೆ ಹೋಗುತ್ತದೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಸಮಿತಿಯಲ್ಲಿ ಕೂತಿದ್ದು ಅದಕ್ಕೇ. ಊರಿನ ಗ್ರಂಥಾಲಯ ಹೇಗಾದರೂ ಆಗಲಿ, ಕಪಾಟು ಉಳಿಯಬೇಕು. ಇದು ಸಣ್ಣತನ ಎಂದು ನನಗೂ ಗೊತ್ತಿತ್ತು, ಹಾಗಾಗಿ ಸಭೆಯಲ್ಲಿ ‘ಅಗ್ನಿ ಸುರಕ್ಷತೆ’ ಎಂಬ ದೊಡ್ಡ ಮಾತಿನ ಮರೆಯಲ್ಲಿ ಕೂರುತ್ತಿದ್ದೆ.

ಮೊದಲು ಬಂದವನು ವಡೋದರಾದವನೇ, ಹುರುಪಿನ ಹುಡುಗ. ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೊ ತೋರಿಸಿದ. ನಮ್ಮ ಗ್ರಂಥಾಲಯದೊಳಗೆ ಕ್ಯಾಮೆರಾ ತೇಲಿಕೊಂಡು ಹೋಯಿತು. ಎಲ್ಲೆಲ್ಲೂ ಚಿನ್ನದ ಕೂದಲಿನ ಹೆಂಗಸರು ಕಾಗದದ ಕಪ್ಪಿನಲ್ಲಿ ಕಾಫಿ ಹಿಡಿದು ನಡೆದಾಡುತ್ತಿದ್ದರು. ಒಬ್ಬಳ ಕೈಯಲ್ಲಿ ನಾಯಿಯೂ ಇತ್ತು. "ಇವರೆಲ್ಲ ಯಾವ ಸೊಸೈಟಿಯವರು?" ಎಂದು ಅಧ್ಯಕ್ಷರು ಗಂಭೀರವಾಗಿ ಕೇಳಿದರು. ಅವನು ಅಲ್ಲಿಗೆ ಮುಗಿದ.

ಎರಡನೆಯವರನ್ನು ನೋಡಲು ನಾವೇ ಅಹಮದಾಬಾದಿಗೆ ಹೋದೆವು. ಆ ಊರಲ್ಲಿ ಆರ್ಕಿಟೆಕ್ಟ್ ಎಂದರೆ ನಮ್ಮ ಕಡೆ ಹಿಂದುಸ್ತಾನಿ ಗವಾಯಿಗಳಿದ್ದ ಹಾಗೆ. ಯಾರು ಯಾರ ಶಿಷ್ಯರು ಎಂದು ಆಟೊದವನೂ ಹೇಳುತ್ತಾನೆ. ಇವರ ಕಚೇರಿಯಲ್ಲಿ ಗೋಡೆಗೆ ಗಿಲಾವು ಇರಲಿಲ್ಲ, ಕಾಂಕ್ರೀಟು ಹಾಗೆ ಹಾಗೇ ಇತ್ತು. ಮೇಲಿನ ಒಂದು ಸೀಳಿನಿಂದ ಬೆಳಕು ಮೆಟ್ಟಿಲ ಮೇಲೆ ಬೀಳುತ್ತಿತ್ತು. ಸುಟ್ಟರೂ ಇದಕ್ಕೆ ಏನೂ ಆಗಲಾರದು ಎಂದು ನನಗೆ ಅನ್ನಿಸಿದ ಮೊದಲ ಕಟ್ಟಡ ಅದು, ಬಾಯಿ ತೆರೆದುಕೊಂಡೇ ಮೆಟ್ಟಿಲು ಹತ್ತಿದೆ. ಅವರು ಮೆಲ್ಲಗೆ ಮಾತಾಡುವ, ದೊಡ್ಡ ಹೆಸರಿನ, ನಿಜಕ್ಕೂ ದೊಡ್ಡವರು. ರಟ್ಟಿನ ಮಾದರಿಯೊಂದನ್ನು ಮುಂದಿಟ್ಟರು. ಅಂಗೈ ಅಗಲದ ಅಂಗಳ, ಸಾಸಿವೆಯಷ್ಟು ದೊಡ್ಡ ಮನುಷ್ಯರು. ಮುಖ್ಯರಸ್ತೆಯ ಕಡೆಗೆ ಭವ್ಯವಾದ ಬಾಗಿಲು. ಅರ್ಧ ಸಮಿತಿ ಅಲ್ಲೇ ಸೋತಿತು. ನಾನೂ ಸೋಲುತ್ತಿದ್ದೆ, ಆದರೆ ಗಂಟಲು ಸರಿಮಾಡಿಕೊಂಡು ಕಪಾಟಿನ ವಿಷಯ ಎತ್ತಿದೆ.

"ಅದು ಒಳಗಿನ ಪೀಠೋಪಕರಣದ ಮಾತು. ಮುಂದೆ ನೋಡೋಣ" ಎಂದರು, ಬಹಳ ಮರ್ಯಾದೆಯಿಂದಲೇ.

ಮುಂದೆ ನೋಡೋಣ ಎಂದಾಗ ನನಗೆ ಗುಜರಿಯವನ ತಕ್ಕಡಿಯೇ ಕಂಡಿತು.

ಮೂರನೆಯವರು ಸೂರತ್ತಿನ ಒಬ್ಬ ಹೆಣ್ಣುಮಗಳು. ಅಡಾಜಣ್‌ನ ಅಪಾರ್ಟ್‌ಮೆಂಟೊಂದರ ನೆಲಮಹಡಿಯಲ್ಲಿ, ಒಂದು ಕಡೆ ಟ್ಯೂಷನ್ ಕ್ಲಾಸು, ಇನ್ನೊಂದು ಕಡೆ ಕುರುಕಲು ಫರಸಾಣದ ಅಂಗಡಿ, ನಡುವೆ ಅವರ ಕಚೇರಿ. ನಲವತ್ತರ ಆಸುಪಾಸು, ಕೈಗೆ ಬಳೆಯಿಲ್ಲ, ಕುತ್ತಿಗೆಯಲ್ಲಿ ಅಳತೆಯ ಟೇಪು ಮಾಲೆಯ ಹಾಗೆ. ನಮಗೆ ತೋರಿಸಲು ಅವರ ಬಳಿ ಏನೂ ಇರಲಿಲ್ಲ.

"ನಾನಿನ್ನೂ ನಿಮ್ಮ ಜಾಗ ನೋಡಿಲ್ಲವಲ್ಲ ಕಾಕಾ, ಹೇಗೆ ಬರೀಲಿ?" ಎಂದು ಅಧ್ಯಕ್ಷರನ್ನೇ ಕೇಳಿದರು.

"ಫೋಟೊ ಕಳಿಸಿದ್ದೆವಲ್ಲ ಬೆನ್?" ಎಂದರು ಅಧ್ಯಕ್ಷರು. ಬೆನ್ ಎಂದರೆ ಈ ಕಡೆ ಅಕ್ಕ, ತಂಗಿ.

"ಫೋಟೊದಲ್ಲಿ ಜನ ಇರಲಿಲ್ಲ."

ಮುಂದಿನ ವಾರ ಆಕೆ ಮಂಜಲ್‌ಪುರಕ್ಕೆ ಬಂದು ಪೇಪರ್ ಓದುವ ಮುದುಕರ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಬಂದವರನ್ನೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ನಿಮಗೆ ಯಾವುದರ ಭಯ?" ಏನು ಬೇಕು ಎಂದು ಯಾರನ್ನೂ ಕೇಳಲಿಲ್ಲ. ಏನು ಬೇಕು ಎಂದರೆ ಎಲ್ಲರೂ ಏಸಿ ಅನ್ನುತ್ತಾರಂತೆ.

ಮುದುಕರೊಬ್ಬರಿಗೆ, ತಾನು ಬರುವಷ್ಟರಲ್ಲಿ ಪೇಪರಿನ ಒಳಹಾಳೆಯನ್ನು ಯಾರಾದರೂ ಎಳೆದುಕೊಂಡು ಹೋಗಿರುತ್ತಾರೆ ಎಂಬ ಭಯ. ಸರಕಾರಿ ಪರೀಕ್ಷೆಗೆ ಓದುವ ಹುಡುಗಿಗೆ, ಚಹಾ ಕುಡಿದು ಬರುವಷ್ಟರಲ್ಲಿ ಕುರ್ಚಿ ಹೋಗಿಬಿಡುತ್ತದೆ ಎಂಬ ಭಯ. ಶೆಡ್ಡಿನಲ್ಲಿ ಚಿತ್ರ ಕಲಿಸುವ ಮೇಷ್ಟರಿಗೆ ಫ್ಯಾನಿನ ಭಯ. ಹಸಿ ಚಿತ್ರಗಳೆಲ್ಲ ಹಾರಿ ಹೋಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನನ್ನ ಸರದಿ ಬಂತು. ನನ್ನನ್ನು ಈ ಪ್ರಶ್ನೆ ಬದುಕಿನಲ್ಲಿ ಯಾರೂ ಕೇಳಿರಲಿಲ್ಲ. ಸಾಮಾನ್ಯವಾಗಿ ನಾನು ಶುರು ಮಾಡುವ ಮೊದಲೇ ಜನ ಎದ್ದು ಹೋಗುತ್ತಾರೆ. ಹಳೆಯ ಸ್ವಿಚ್‌ಬೋರ್ಡು, ಒಂದೇ ಹೊರದಾರಿ, ಒಳಕ್ಕೆ ತೆರೆಯುವ ಬಾಗಿಲು, ಹಿಂದಿನ ಗೋಡೆಯ ಥಂಡಿ, ಗೆದ್ದಲು. ಹೇಳುತ್ತ ಹೇಳುತ್ತ ಕೊನೆಗೆ ಕಪಾಟಿಗೂ ಬಂದೆ. ಆಕೆ ಹಾಳೆ ತಿರುಗಿಸಿ ಬರೆದುಕೊಂಡರು, ಒಮ್ಮೆಯೂ ನಗಲಿಲ್ಲ.

"ಕೀಲಿ ಯಾರ ಹತ್ತಿರ ಇದೆ?"

"ನನ್ನ ಹತ್ತಿರ."

"ಹ್ಞಾಂ" ಎಂದು ಅದನ್ನೂ ಬರೆದುಕೊಂಡರು.

ಆಮೇಲೆ ಸಮಿತಿಯ ಮುಂದೆ ಬಂದು, ತಾನು ನಕ್ಷೆ ಕೊಡುವುದಿಲ್ಲ, ಭಾನುವಾರ ಅಂಗಳ ಬಿಟ್ಟುಕೊಟ್ಟರೆ ಕಟ್ಟಿಯೇ ತೋರಿಸುತ್ತೇನೆ ಎಂದರು.

"ಕಟ್ಟೋದಾ? ಭಾನುವಾರ ಒಂದೇ ದಿನದಲ್ಲಿ?" ಅಧ್ಯಕ್ಷರ ಏಲಕ್ಕಿ ಬಾಯಲ್ಲೇ ನಿಂತಿತು.

"ಬಟ್ಟೆಯಲ್ಲಿ ಕಾಕಾ. ಸಂಜೆಗೆ ಬಿಚ್ಚಿಕೊಂಡು ಹೋಗುತ್ತೇನೆ."

ಆಕೆ ಹೋದ ಮೇಲೆ ಸಮಿತಿ ಸರಿಯಾಗಿ ಎರಡು ಹೋಳಾಯಿತು. ಅರ್ಧ ಜನಕ್ಕೆ ಅಹಮದಾಬಾದಿನ ಕಾಂಕ್ರೀಟು, ಇನ್ನರ್ಧಕ್ಕೆ ಸೂರತ್ತಿನ ಹೆಣ್ಣುಮಗಳು. ಅಧ್ಯಕ್ಷರು ಮತ ಹಾಕುವಂತಿಲ್ಲ. ಉಳಿದದ್ದು ನನ್ನ ಮತ ಒಂದೇ, ಎಲ್ಲರೂ ನನ್ನ ಕಡೆ ತಿರುಗಿದರು. ಭಾನುವಾರ ಆಗಲಿ, ಸೋಮವಾರ ಹೇಳುತ್ತೇನೆ ಎಂದೆ. ಮನೆಗೆ ಬಂದು ಊಟ ಬಿಟ್ಟೆ.

"ಏನ್ರಿ, ನೀವೊಂದು ಕೈ ಎತ್ತಿದ್ರ ಗುಜರಾತ ಬಿದ್ದು ಹೋಗತದೇನು?" ಎಂದಳು ಹೆಂಡತಿ.

"ಐವತ್ತು ವರ್ಷ ನಿಲ್ಲೋ ಕಟ್ಟಡ ಅದು. ತಪ್ಪಾದ್ರ ಐವತ್ತು ವರ್ಷ ಎಲ್ಲಾರು ಬೈತಾರ."

"ಐವತ್ತು ವರ್ಷ ನಾವೇ ಇರಂಗಿಲ್ಲ. ಬೈಸ್ಕೊಳ್ಳಾಕ ಯಾರು ಇರತಾರ? ಉಣ್ರಿ ಸುಮ್ನ."

ಅದು ದೀಪಾವಳಿಯ ನಂತರದ ಮದುವೆಯ ಕಾಲ. ಊರಿನ ಮಂಟಪದವರ ಬಟ್ಟೆಯೆಲ್ಲ ಒಂದಲ್ಲ ಒಂದು ಮದುವೆಯ ಮೇಲೆ ಹರಡಿಕೊಂಡಿತ್ತು. ಬಿದಿರು ಸಿಕ್ಕಿತು, ಕಟ್ಟುವ ಆಳುಗಳು ಸಿಕ್ಕಿದರು, ಬಟ್ಟೆ ಸಿಗಲಿಲ್ಲ. ಆಕೆ ಸೂರತ್ತಿನ ಪಾಂಡೇಸರಾದ ಗಿರಣಿಯೊಂದರಿಂದ ಒಂದು ಟೆಂಪೊ ತುಂಬ ಬಟ್ಟೆ ತಂದರು. ಇನ್ನೂ ಬಣ್ಣ ಕಾಣದ, ಅಚ್ಚು ಬೀಳದ ಸೀರೆ ಬಟ್ಟೆ. ಅಲ್ಲಿಯವರು ಅದನ್ನು ‘ಗ್ರೇ’ ಅನ್ನುತ್ತಾರೆ, ನೋಡಲು ಮಾತ್ರ ಹಾಲಿನ ಕೆನೆಯ ಬಣ್ಣ. ಗಿರಣಿಯ ಮಾಲೀಕರ ಮನೆಯನ್ನು ಆಕೆ ಕಟ್ಟಿಕೊಟ್ಟಿದ್ದರಂತೆ, ಆ ವಿಶ್ವಾಸದ ಮೇಲೆ ಬಂದ ಸಾಲ. ಸಂಜೆ ಕಲೆಯಿಲ್ಲದೆ ವಾಪಸು ಹೋಗಬೇಕು.

ಬಟ್ಟೆ, ಬಿದಿರು, ಹಗ್ಗ, ಒಳಗೆ ಜನ. ನನ್ನ ಉದ್ಯೋಗದ ಕಣ್ಣಿನಿಂದ ನೋಡಿದರೆ ಇದು ಕಟ್ಟಡವಲ್ಲ, ಒಲೆ. ಆಫೀಸಿನಿಂದ ಎರವಲು ತಂದ ಅಗ್ನಿಶಾಮಕದ ಕೆಂಪು ಸಿಲಿಂಡರನ್ನು ಮಗಳ ಮಡಿಲಲ್ಲಿ ಇರಿಸಿ ಬೆಳಿಗ್ಗೆ ಸ್ಕೂಟರ್ ಹತ್ತಿದೆ.

"ಪಪ್ಪಾ, ಪ್ಲೀಸ್, ಮೇನ್ ರೋಡ್ ಬ್ಯಾಡ. ಸಬ್ ಲೋಗ್ ನೋಡ್ತಾ ಇದಾರೆ" ಎಂದಳು. ಅವಳ ಕನ್ನಡದಲ್ಲಿ ಮೂರು ರಾಜ್ಯಗಳಿವೆ. "ನಾವು ಶಾದಿಗೆ ಸಿಲಿಂಡರ್ ಗಿಫ್ಟ್ ತಗೊಂಡು ಹೋಗೋ ಥರಾ ಕಾಣ್ತಾ ಇದೀವಿ."

ಮುಖ್ಯರಸ್ತೆ ಬಿಟ್ಟು ಪಕ್ಕದ ಓಣಿಯಿಂದಲೇ ಹೋದೆ. ನಾನು ದಿನವೂ ಹೋಗುವುದೂ ಆ ಓಣಿಯಿಂದಲೇ. ಚಹಾದ ಗಾಡಿ ಅಲ್ಲಿದೆ, ಸ್ಕೂಟರ್ ನಿಲ್ಲಿಸಲು ನೆರಳು ಅಲ್ಲಿದೆ. ತಿರುವು ದಾಟಿ ಅಂಗಳ ಕಣ್ಣಿಗೆ ಬಿದ್ದಾಗ ನಾನು ಬ್ರೇಕು ಹಾಕಿದ್ದು ನನ್ನ ಇಚ್ಛೆಯಿಂದಲ್ಲ.

ಅಲ್ಲೊಂದು ಕಟ್ಟಡವಿತ್ತು. ನಿನ್ನೆ ಸಂಜೆ ಅಲ್ಲಿ ಎರಡು ನಾಯಿ ಮಲಗಿದ್ದವು. ಈಗ ಹಳೆಯ ಗ್ರಂಥಾಲಯದ ಹಿಂಗೋಡೆಯಿಂದ ಹೊರಟು ಶೆಡ್ಡಿನವರೆಗೆ, ನಿಜದ ಎತ್ತರದಲ್ಲಿ, ನಿಜದ ಅಗಲದಲ್ಲಿ, ಕೆನೆಬಣ್ಣದ ಗೋಡೆಗಳು ನಿಂತಿದ್ದವು. ಎಳೆಬಿಸಿಲು ಬಟ್ಟೆಯನ್ನು ಹೊಕ್ಕು ಆಚೆ ಬರುತ್ತಿತ್ತು. ಒಳಗೆ ನಡೆದಾಡುವ ಆಳುಗಳ ನೆರಳು ಗೋಡೆಯ ಮೇಲೆ ದೊಡ್ಡದಾಗಿ, ಸಣ್ಣದಾಗಿ ಚಲಿಸುತ್ತಿತ್ತು. ಗಾಳಿ ಬಂದಾಗ ಇಡೀ ಕಟ್ಟಡ ಒಮ್ಮೆ ಉಸಿರು ತೆಗೆದುಕೊಂಡು ಬಿಟ್ಟಿತು.

"ವಾವ್" ಎಂದಳು ಮಗಳು. ಸಿಲಿಂಡರ್ ಇನ್ನೂ ಅವಳ ಮಡಿಲಲ್ಲೇ ಇತ್ತು.

ಒಳಗೆ ಹೋದೆ. ಕಾಗದದ ಮೇಲೆ ಕೋಣೆ ಎಂದರೆ ನಾಲ್ಕು ಗೆರೆ. ಇಲ್ಲಿ ಕೋಣೆ ನನ್ನ ಸುತ್ತಲೂ ಇತ್ತು, ನನ್ನ ಹೆಜ್ಜೆಯ ಸದ್ದು ಬೇರೆಯಾಗಿತ್ತು. ನೆಲದ ಮೇಲೆ ಸುಣ್ಣದ ಗೆರೆ ಎಳೆದು ಮೇಜುಗಳ ಜಾಗ ಗುರುತಿಸಿದ್ದರು. ಸೀರೆಯ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಪುಸ್ತಕದ ಕಪಾಟು ಮಾಡಿದ್ದರು. ಗ್ರಂಥಪಾಲಕರು ಪೇಪರಿನ ಹಾಳೆಗಳನ್ನು ಒಂದೊಂದಾಗಿ ಓರೆಹಲಗೆಗೆ ಕಚ್ಚಿಸುತ್ತಿದ್ದರು. ಒಳಹಾಳೆ ಇನ್ನು ಎಲ್ಲಿಗೂ ಹೋಗುವಂತಿರಲಿಲ್ಲ. ಪರೀಕ್ಷೆಯ ಹುಡುಗಿಗೆ ಗೋಡೆಯಲ್ಲೇ ಒಂದು ಗೂಡು, ಅಲ್ಲಿಂದ ಚಹಾದ ಗಾಡಿಯೂ ಕಾಣುತ್ತದೆ, ಗಾಡಿಯಿಂದ ಅವಳ ಕುರ್ಚಿಯೂ ಕಾಣುತ್ತದೆ. ಕಲಾ ಕೇಂದ್ರದ ಕಡೆ ಕಿಟಕಿಯೆಲ್ಲ ಮೇಲೆ, ಗಾಳಿ ತಲೆಯ ಮೇಲೆ ಹಾದುಹೋಗುತ್ತದೆ, ಹಸಿ ಚಿತ್ರಗಳ ತಂಟೆಗೆ ಬರುವುದಿಲ್ಲ.

ನಾನು ಒಂದೊಂದು ಕುರ್ಚಿಯಲ್ಲಿ ಕೂತು ನೋಡಿದೆ. ಎಲ್ಲಿ ಕೂತರೂ ಹೊರಗೆ ಹೋಗುವ ಎರಡು ದಾರಿ ಕಣ್ಣಿಗೆ ಕಾಣುತ್ತಿದ್ದವು. ಪ್ರತಿ ಕುರ್ಚಿಯಿಂದ! ಮತ್ತೊಮ್ಮೆ ಎಲ್ಲ ಕುರ್ಚಿಗೂ ಹೋಗಿ ಕೂತೆ. ಎಷ್ಟೋ ಬೂದಿಯ ನಡುವೆ ನಿಂತು ನಾನು ಹುಡುಕಿದ್ದು ಆ ಎರಡನೆಯ ದಾರಿಯನ್ನು. ಎಲ್ಲಿಯೂ ಇರದಿದ್ದ ಆ ದಾರಿ ಇಲ್ಲಿ ಸೀರೆ ಬಟ್ಟೆಯ ನಡುವೆ ಬೆಳಕಾಗಿ ತೆರೆದು ನಿಂತಿತ್ತು. ಒಬ್ಬ ಮನುಷ್ಯನ ಕಿರಿಕಿರಿಯಿಂದ ಇಷ್ಟು ಚೆಂದದ್ದು ಹುಟ್ಟಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಓಣಿಯ ಕಡೆಯ ಒಳಮೂಲೆಯಲ್ಲಿ, ಥಂಡಿಯಿಲ್ಲದ, ಬಿಸಿಲು ಬೀಳದ, ಯಾರೂ ಹಾಯದ ಜಾಗದಲ್ಲಿ ಪೆಟ್ಟಿಗೆಗಳ ಒಂದು ಗೋಪುರ ಒಂಟಿಯಾಗಿ ನಿಂತಿತ್ತು. ಆಕೆ ನನ್ನ ಕೈಗೆ ಮಾರ್ಕರ್ ಕೊಟ್ಟು, "ನಿಮ್ಮದು. ಹೆಸರು ಬರೀರಿ ಸಾಹೇಬ್" ಎಂದರು. ‘ಕನ್ನಡ’ ಎಂದು ದೊಡ್ಡದಾಗಿ ಬರೆದೆ. ನನ್ನ ಮತ ಆ ಕ್ಷಣವೇ ಬಿದ್ದಿತ್ತು ಎನ್ನಬೇಕು. ಆದರೆ ಬೆಳಗಿನ್ನೂ ಮುಗಿದಿರಲಿಲ್ಲ.

ನಾವು ಯಾರೂ ಯೋಚಿಸದೆ ಇದ್ದದ್ದು ಒಂದೇ. ಮದುವೆಯ ಕಾಲದಲ್ಲಿ, ಭಾನುವಾರ, ವಡೋದರಾದ ಅಂಗಳವೊಂದರಲ್ಲಿ ಮಂಟಪ ಎದ್ದರೆ ಜನ ಏನು ತಿಳಿಯಬೇಕು?

ಮೊದಲು ಎದುರಿನ ಸೊಸೈಟಿಯ ನಾಲ್ಕಾರು ಹೆಂಗಸರು ಒಳ್ಳೆಯ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದರು. ಅವರ ಹಿಂದೆ ಇಸ್ತ್ರಿ ಮಾಡಿದ ಜುಬ್ಬಾದ ಅಜ್ಜ. ನನ್ನ ಕೈಯಲ್ಲಿ ಸಿಲಿಂಡರ್ ಕಂಡು, ನಾನೇ ಅಡುಗೆಯ ಕಂತ್ರಾಟುದಾರ ಎಂದುಕೊಂಡರೋ ಏನೋ, "ಹುಡುಗನ ಕಡೆಯವರು ಬಂದರಾ?" ಎಂದು ಕೇಳಿ, ಜೇಬಿನಿಂದ ಮುಯ್ಯಿಯ ಲಕೋಟೆ ತೆಗೆದರು.

"ಇಲ್ಲ ಕಾಕಾ, ಇದು ಮದುವೆ ಅಲ್ಲ, ಇದು ಗ್ರಂಥಾಲಯ."

"ಗ್ರಂಥಾಲಯಕ್ಕೆ ಮದುವೆಯಾ?"

"ಅಲ್ಲ, ಕಟ್ಟಡದ..."

"ಕಟ್ಟಡ ಎಲ್ಲಿದೆ?"

ಅಧ್ಯಕ್ಷರು ಓಡಿ ಬಂದರು. ನಾನು ಜನರನ್ನು ವಾಪಸು ಕಳಿಸುತ್ತೇನೆ ಎಂಬ ಭಯ ಅವರಿಗೆ. "ಕಾರ್ಯಕ್ರಮವೇ, ಕಾರ್ಯಕ್ರಮವೇ! ಬನ್ನಿ, ಬನ್ನಿ. ಮನೆಬಾಗಿಲಿಗೆ ಬಂದವರು ಚಹಾ ಇಲ್ಲದೆ ಹೋಗೋದುಂಟಾ?" ಎಂದು ಓಣಿಯ ಗಾಡಿಯವನಿಗೆ ಚಹಾ ಹೇಳಿದರು, ಕಡಲೆಹಿಟ್ಟಿನ ಗಾಂಠಿಯಾ ತರಿಸಿದರು. ಚಹಾದ ಸ್ಟವ್ವು ಬಟ್ಟೆಯ ಗೋಡೆಯಿಂದ ಒಂದು ಮಾರಿನಷ್ಟು ದೂರ. ನಾನು ಸಿಲಿಂಡರ್ ಹಿಡಿದು ಆ ಸ್ಟವ್ವಿನ ಪಕ್ಕ ಕಾವಲು ನಿಂತೆ. "ನಿಮಗೆ ಸಕ್ಕರೆ ಕಡಿಮೆಯಾ ಸಾಹೇಬ್?" ಎಂದು ಗಾಡಿಯವನು ಕೇಳಿದ. ಗಾಂಠಿಯಾದ ಎಣ್ಣೆಕೈಗಳು ಗಿರಣಿಯ ಬಟ್ಟೆಯತ್ತ ಚಾಚಿದಾಗಲೆಲ್ಲ ನಿಂತಲ್ಲಿಂದಲೇ "ಕೈ, ಕೈ" ಎಂದು ಕೂಗುತ್ತಿದ್ದೆ.

ಆದರೆ ನಿಂತಲ್ಲಿಂದಲೇ ನೋಡುತ್ತ ಹೋದೆ. ಮದುವೆಗೆಂದು ಬಂದವರು ಯಾರೂ ಹೋಗಲಿಲ್ಲ. ಅಜ್ಜ ಲಕೋಟೆ ಜೇಬಿಗೆ ಹಾಕಿಕೊಂಡು ಪೇಪರಿನ ಹಲಗೆಯ ಮುಂದೆ ಕನ್ನಡಕ ಏರಿಸಿ ನಿಂತರು. ಹೂ ಮುಡಿದ ಹೆಂಗಸರು ಚಿತ್ರಶಾಲೆಯ ಬಟ್ಟೆಗೋಡೆಗೆ ಮೇಷ್ಟರು ಸಿಕ್ಕಿಸಿದ ಚಿತ್ರಗಳ ಮುಂದೆ ನಿಂತು ಯಾವುದು ಯಾರ ಮಗಳು ಬರೆದದ್ದು ಎಂದು ವಾದಕ್ಕೆ ಬಿದ್ದರು. ಪರೀಕ್ಷೆಯ ಹುಡುಗಿ ತನ್ನ ಗೂಡಿನಲ್ಲಿ ಕೂತು, ಸುತ್ತಲ ಗದ್ದಲ ತನಗೆ ಸಂಬಂಧವೇ ಇಲ್ಲ ಎಂಬಂತೆ ಓದತೊಡಗಿದಳು. ಇನ್ನೂ ಹುಟ್ಟದ ಕಟ್ಟಡವನ್ನು ಜನ ಬಳಸುತ್ತಿದ್ದರು.

ಆಗ ಆರ್ಕಿಟೆಕ್ಟ್ ಬೆನ್ ನನ್ನ ಪಕ್ಕಕ್ಕೆ ಬಂದು ನಿಂತು ನೆಲ ತೋರಿಸಿದರು. "ನೋಡಿದಿರಾ?"

ಚಪ್ಪಲಿಗಳು. ಮುಖ್ಯರಸ್ತೆಯ ಕಡೆ ಆಕೆ ಅಗಲವಾದ, ಚೆಂದದ ಬಾಗಿಲು ಬಿಟ್ಟಿದ್ದರು. ಅಲ್ಲಿ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಎಲ್ಲ ಚಪ್ಪಲಿಗಳೂ ಓಣಿಯ ಕಡೆ, ಎರಡು ಬಟ್ಟೆಗಳು ಕೂಡುವ ಸಂದಿನ ಮುಂದೆ ಗುಂಪಾಗಿ ಬಿದ್ದಿದ್ದವು. ಬಾಗಿಲೇ ಇಲ್ಲದ ಕಡೆ ಜನ ಬಟ್ಟೆ ಸರಿಸಿಕೊಂಡು ನುಗ್ಗುತ್ತಿದ್ದರು. ಚಹಾ ಅಲ್ಲಿತ್ತು, ನೆರಳು ಅಲ್ಲಿತ್ತು, ವರ್ಷಗಳಿಂದ ಕಾಲಿಗೆ ಗೊತ್ತಿದ್ದ ದಾರಿ ಅಲ್ಲಿತ್ತು. ಅಹಮದಾಬಾದಿನ ದೊಡ್ಡವರೂ ಬಾಗಿಲನ್ನು ಮುಖ್ಯರಸ್ತೆಗೇ ಇಟ್ಟಿದ್ದರು. ನಾನೂ ಬೆಳಿಗ್ಗೆ ಓಣಿಯಿಂದಲೇ ಬಂದಿದ್ದೆ, ಎಲ್ಲ ಕುರ್ಚಿಯಲ್ಲೂ ಕೂತು ಹೊರದಾರಿ ನೋಡಿದ್ದೆ, ಒಳಗೆ ಯಾವ ಕಡೆಯಿಂದ ಬಂದೆ ಎಂದು ಮಾತ್ರ ನೋಡಿಕೊಂಡಿರಲಿಲ್ಲ.

"ನನ್ನ ಬಾಗಿಲು ತಪ್ಪು" ಎಂದರು ಆಕೆ, ನಾಚಿಕೆಯಿಲ್ಲದೆ, ಸಂತೋಷದಿಂದಲೇ. ಮುಂದೆ ಹೋಗಿ, ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡು, ಮೇಲಿನ ಹಗ್ಗದಿಂದ ಬಟ್ಟೆ ಬಿಚ್ಚಿ, ಗೋಡೆಯನ್ನು ಪಕ್ಕಕ್ಕೆ ಎಳೆದರು.

ಗೋಡೆ ಸರಿಯಿತು. ನಾನು ಇದನ್ನು ಇನ್ನೂ ಎಷ್ಟೋ ಸಲ ನೆನೆಯುತ್ತೇನೆ. ಗೋಡೆಗಳು ಬೀಳುವುದನ್ನು, ಬಿರಿಯುವುದನ್ನು, ಕುಸಿಯುವುದನ್ನು ನೋಡಿದ್ದೇನೆ. ಒಂದು ಗೋಡೆ ಜನ ಬರುವ ಕಡೆಗೆ ತಾನೇ ದಾರಿ ಬಿಟ್ಟುಕೊಟ್ಟದ್ದನ್ನು ನೋಡಿದ್ದು ಅದೇ ಮೊದಲು. ಓಣಿಯ ಬೆಳಕೆಲ್ಲ ಒಮ್ಮೆಗೇ ಒಳಗೆ ಬಿತ್ತು. ಪೇಪರಿನ ಮುಂದಿದ್ದ ಅಜ್ಜ ತಿರುಗಿ ನೋಡಿ, "ಹಾಂ, ಈಗ ಸರಿಯಾಯಿತು" ಎಂದು ಮತ್ತೆ ಓದಿಗೆ ಇಳಿದರು.

ಹೊಸ ಬಾಗಿಲಿನ ಸರಿಯಾಗಿ ನಡುವೆ, ದಾರಿಗೆ ಅಡ್ಡವಾಗಿ, ‘ಕನ್ನಡ’ ಎಂದು ಬರೆದ ಪೆಟ್ಟಿಗೆಗಳ ಗೋಪುರ ನಿಂತಿತ್ತು.

ಬರುವವರೆಲ್ಲ ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಹೂ ಮುಡಿದ ಹೆಂಗಸೊಬ್ಬರು ಅಕ್ಷರದ ಮೇಲೆ ಬೆರಳಾಡಿಸಿ, "ಇದು ಯಾವ ಭಾಷೆ? ಜಲೇಬಿ ಥರಾ ಚೆನ್ನಾಗಿದೆ" ಎಂದರು.

"ಕನ್ನಡ. ಕರ್ನಾಟಕದ್ದು" ಎಂದೆ.

"ಇಲ್ಲಿ ಇದರ ಪುಸ್ತಕ ಇದೆಯಾ? ಇಷ್ಟು ವರ್ಷದಿಂದ ಬರ್ತೀನಿ, ನೋಡೇ ಇಲ್ಲವಲ್ಲ!"

ನೋಡುವುದೆಲ್ಲಿಂದ ಬಂತು? ಯಾರಿಗೂ ಕಾಣದ ಮೂಲೆ ಹುಡುಕಿ, ಬೀಗ ಜಡಿದು, ಕೀಲಿಯನ್ನು ಮನೆಗೆ ಒಯ್ದವನು ಎದುರಿಗೇ ನಿಂತಿದ್ದೆ.

ಆರ್ಕಿಟೆಕ್ಟ್ ಬೆನ್ ಬಾಯಿಂದ ಪಿನ್ನು ತೆಗೆದರು. "ನಿಮ್ಮ ಭಯಕ್ಕೆ ನಾನು ಕೊಟ್ಟ ಜಾಗ ಇದು ಸಾಹೇಬ್. ಈಗ ನೀವೇ ಹೇಳಿ. ಬಾಗಿಲನ್ನ ಮೊದಲಿನ ಕಡೆಗೇ ಹಾಕಿದರೆ ನಿಮ್ಮ ಕಪಾಟು ಮೂಲೆಯಲ್ಲಿ ಭದ್ರ. ಬಾಗಿಲು ಇಲ್ಲೇ ಇದ್ದರೆ ಕಪಾಟು ಹಿಂದಿನ ದಾಸ್ತಾನು ಕೋಣೆಗೆ ಹೋಗಬೇಕು. ಅಲ್ಲೂ ಭದ್ರವೇ."

ಎರಡೂ ಕಡೆ ಭದ್ರ. ನನ್ನಂಥವನಿಗೆ ಅದಕ್ಕಿಂತ ಏನು ಬೇಕು? ಅಧ್ಯಕ್ಷರು ನೋಡುತ್ತಿದ್ದರು, ಸಮಿತಿಯ ಎರಡೂ ಹೋಳುಗಳು ನೋಡುತ್ತಿದ್ದವು, ಮಗಳು ಚಹಾದ ಲೋಟ ಹಿಡಿದು ನೋಡುತ್ತಿದ್ದಳು. ನಾನು ಸಿಲಿಂಡರನ್ನು ಕೆಳಗಿಟ್ಟೆ. ಬೆಳಗಿನಿಂದ ಮೊದಲ ಸಲ. ಪೆಟ್ಟಿಗೆಗಳ ಗೋಪುರವನ್ನು ತಬ್ಬಿ ಎತ್ತಿದೆ. ಕಬ್ಬಿಣದ ಕಪಾಟಿನ ಭಾರಕ್ಕೆ ಸಿದ್ಧವಾಗಿದ್ದ ಬೆನ್ನಿಗೆ ರಟ್ಟಿನ ಹಗುರ ಸಿಕ್ಕು ಹಿಂದಕ್ಕೆ ವಾಲಿದೆ. ಮಗಳು ಓಡಿ ಬಂದು ಇನ್ನೊಂದು ಬದಿ ಹಿಡಿದಳು.

"ಎಲ್ಲಿ ಪಪ್ಪಾ?"

"ಇಲ್ಲೇ."

ಬಾಗಿಲಿನ ಪಕ್ಕಕ್ಕೆ, ಎರಡು ಹೆಜ್ಜೆ ಒಳಗೆ, ಗ್ರಂಥಾಲಯಕ್ಕೆ ಹೋಗುವವರೂ ಚಿತ್ರಶಾಲೆಗೆ ಹೋಗುವವರೂ ಒಟ್ಟಿಗೆ ಹಾಯುವ ದಾರಿಯಲ್ಲಿ ಇಟ್ಟೆವು. ಧೂಳು ಬರುವ, ಬಿಸಿಲು ತಾಗುವ, ಮಕ್ಕಳ ಕೈಗೆ ಎಟುಕುವ ಜಾಗ. ನನ್ನ ಪಟ್ಟಿಯಲ್ಲಿದ್ದ ಎಲ್ಲ ಭಯಗಳೂ ಒಟ್ಟಿಗೆ ವಾಸ ಮಾಡುವ ಜಾಗ.

"ಬೀಗ?" ಎಂದರು ಆಕೆ, ಟಿಪ್ಪಣಿ ಪುಸ್ತಕ ತೆರೆದು.

"ಬೇಡ" ಎಂದೆ. ಧ್ವನಿ ನನ್ನದೇ ಇರಬೇಕು. "ಬಾಗಿಲು ಈ ಕಡೆಗೇ ಇರಲಿ."

ಸೋಮವಾರದ ಸಭೆಯಲ್ಲಿ ನನ್ನನ್ನು ಯಾರೂ ಕೇಳಲೇ ಇಲ್ಲ. ಅಧ್ಯಕ್ಷರು, "ಸಾಹೇಬರು ನಿನ್ನೆಯೇ ಕಪಾಟು ಹೊತ್ತು ಮತ ಹಾಕಿದರಲ್ಲ" ಎಂದು ಸೂರತ್ತಿಗೆ ಫೋನು ಮಾಡಿದರು. ಅಹಮದಾಬಾದಿನವರಿಗೆ ಕ್ಷಮೆ ಕೇಳಿ ಬರೆದದ್ದು ನಾನು. ಅವರು ಮರುದಿನವೇ ಉತ್ತರಿಸಿ, ಬಟ್ಟೆಯ ಕಟ್ಟಡದ ಫೋಟೊ ಇದ್ದರೆ ಕಳಿಸಿ ಎಂದು ಕೇಳಿದರು. ದೊಡ್ಡವರು ಎಂದೆನಲ್ಲ, ಅದಕ್ಕೇ.

ಆ ಭಾನುವಾರ ಸಂಜೆ ಆಳುಗಳು ಪಿನ್ನು ಬಿಚ್ಚಿ, ಗೋಡೆಗಳನ್ನು ಮಡಚಿ ಟೆಂಪೊಗೆ ಏರಿಸಿದ್ದರು. ಬಟ್ಟೆಯ ಒಂದು ಥಾನಿನ ಮೇಲೆ ಚಹಾದ ಕಲೆ ಸಿಕ್ಕಿತು. ಆಕೆ ಅದನ್ನು ಬೆಳಕಿಗೆ ಹಿಡಿದು, "ಇದಕ್ಕೆ ಗಾಢ ಬಣ್ಣ ಹಾಕಿಸ್ತೀನಿ ಬಿಡಿ. ಕಡುಗೆಂಪು" ಎಂದರು. ಅಂದಿನಿಂದ ಬಸ್ಸಿನಲ್ಲಿ, ಬಜಾರಿನಲ್ಲಿ ಕಡುಗೆಂಪು ಸೀರೆ ಕಂಡರೆ ನನ್ನ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ನಮ್ಮ ಓದುವ ಕೋಣೆಯ ಗೋಡೆಯನ್ನು ಯಾರೋ ಉಟ್ಟು ತರಕಾರಿ ಕೊಳ್ಳುತ್ತಿರಬಹುದಲ್ಲ. "ಮಂದಿ ಸೀರಿ ಹಂಗ ನೋಡಬ್ಯಾಡ್ರಿ, ಏನರೆ ತಿಳಕೊಂಡಾರು" ಎಂದು ಹೆಂಡತಿ ತೋಳು ಜಗ್ಗುತ್ತಾಳೆ.

ಈಗ ಅಂಗಳದಲ್ಲಿ ಇಟ್ಟಿಗೆ ಏರುತ್ತಿದೆ. ಗೋಡೆ ಕಿಟಕಿಯ ಎತ್ತರಕ್ಕೆ ಬಂದಿದೆ. ಇದನ್ನು ಪಿನ್ನು ತೆಗೆದು ಸರಿಸಲು ಬರುವುದಿಲ್ಲ ಎಂದು ನೆನಪಾದಾಗಲೆಲ್ಲ ಓಣಿಯ ಬಾಗಿಲಿನಲ್ಲಿ ಹೋಗಿ ನಿಲ್ಲುತ್ತೇನೆ, ಜನ ಹಾದುಹೋಗುವುದನ್ನು ನೋಡಿದರೆ ಸಮಾಧಾನವಾಗುತ್ತದೆ. ಬಾಗಿಲಿಗೆ ಚೌಕಟ್ಟು ಇನ್ನೂ ಕೂತಿಲ್ಲ, ಚಪ್ಪಲಿ ಮಾತ್ರ ಆಗಲೇ ಅಲ್ಲಿವೆ.

ಸದ್ಯಕ್ಕೆ ಗ್ರಂಥಾಲಯ ಪಕ್ಕದ ಸಭಾಭವನದಲ್ಲಿ ನಡೆಯುತ್ತಿದೆ. ಕನ್ನಡದ ಕಪಾಟು ಅಲ್ಲಿಯೂ ಬಾಗಿಲ ಪಕ್ಕದಲ್ಲೇ ಇದೆ, ಬೀಗವಿಲ್ಲದೆ. ಹೋದ ವಾರ ನೋಡಿದರೆ ಮೇಲಿನ ಸಾಲಿನಲ್ಲಿ ಒಂದು ಪುಸ್ತಕದ ಅಗಲದಷ್ಟು ಸಂದು. ಯಾವುದು ಹೋಯಿತು, ಯಾವಾಗ ಹೋಯಿತು ಎಂದು ನನ್ನ ಉದ್ಯೋಗದ ಪ್ರಶ್ನೆಗಳೆಲ್ಲ ಬಾಯಿಗೆ ಬಂದವು. ಗ್ರಂಥಪಾಲಕರು ತಲೆ ಎತ್ತದೆ, "ನಿಮ್ಮ ಕಡೆಯ ಹುಡುಗಿ ಸಾಹೇಬ್. ಇಲ್ಲೇ ಬಾಡಿಗೆ ಫ್ಲ್ಯಾಟಿನಲ್ಲಿ ಇರ್ತಾಳಂತೆ, ಮಕರಪುರಾದ ಫ್ಯಾಕ್ಟರಿಯಲ್ಲಿ ಕೆಲಸ. ಒಳಗೆ ಬಂದವಳು ಕಪಾಟು ನೋಡಿ ಅಲ್ಲೇ ನಿಂತುಬಿಟ್ಟಳು. ಓದಿ ತಂದುಕೊಡ್ತೀನಿ ಅಂದಳು" ಎಂದರು.

ಪಕ್ಕದ ಪುಸ್ತಕಗಳನ್ನು ಒತ್ತಿ ಆ ಸಂದು ಮುಚ್ಚಲು ಕೈ ಹೋಯಿತು. ಹಿಂದೆ ತೆಗೆದೆ. ಇಷ್ಟು ವರ್ಷದಲ್ಲಿ ಆ ಕಪಾಟಿನಲ್ಲಿ ಅಂಥ ಸಂದು ನಾನು ನೋಡಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಛಲೋ ಆತಲ್ಲ. ಇನ್ನರೆ ಆರಾಮ ಇರ್ರಿ" ಎಂದಳು.

"ಅದು ಎರಡು ಭಾಗದ ಕಾದಂಬರಿ. ಆಕಿ ಮೊದಲನೇದು ಒಯ್ದಾಳ. ಅದನ್ನ ಓದಿ ಮುಗಿಸೂದ್ರಾಗ ಎರಡನೇದು ಬ್ಯಾರೆ ಯಾರರೆ ಒಯ್ದ್ರ?"

ಅವಳು ನಗುತ್ತ ತಾಟು ಮುಂದಿಟ್ಟಳು. ಅವತ್ತು ಹೊಟ್ಟೆ ತುಂಬ ಉಂಡೆ.